ರಾಧಾಮಣಿಯ ಸಂಬಳ

ರಾಧಾಮಣಿಗೆ ಏನಾಗಿದೆ ಅಂತ ಗಂಗಾಧರನಿಗೆ ತಿಳಿಯಲಿಲ್ಲ.

ಮಧುಗಿರಿಯ ಆ ಸಣ್ಣ ರಕ್ತಪರೀಕ್ಷೆ ಲ್ಯಾಬಿನಲ್ಲಿ ಇಬ್ಬರೂ ಟೆಕ್ನಿಷಿಯನ್ನರು. ಅವಳು ಅವನಿಗಿಂತ ಮೊದಲೇ ಸೇರಿದವಳು, ಎಳೆಮಕ್ಕಳ ಕೈಯಲ್ಲಿ ನರ ಹುಡುಕುವುದನ್ನು ಅವನಿಗೆ ಕಲಿಸಿಕೊಟ್ಟವಳು. ಮೊನ್ನೆಯವರೆಗೂ ಮೈಕ್ರೋಸ್ಕೋಪಿನಿಂದ ಕಣ್ಣೆತ್ತಿದಾಗ ಅವನು ತನ್ನನ್ನೇ ನೋಡುತ್ತಿದ್ದರೆ, ತುಟಿ ಕಚ್ಚಿ ನಗುತ್ತಿದ್ದಳು. ಈಗ ಕಣ್ಣೇ ಎತ್ತುವುದಿಲ್ಲ.

ಜಡೆ ಬಗ್ಗೆ ರೇಗಿಸಿದ್ದಕ್ಕಾ? ಹೊಳವನಹಳ್ಳಿಯಿಂದ ಅಮ್ಮ ಕಳಿಸಿದ ಒಬ್ಬಟ್ಟನ್ನು ಒಬ್ಬನೇ ತಿಂದಿದ್ದಕ್ಕಾ?

ಮಧ್ಯಾಹ್ನ ಟೀ ತಂದು ಮುಂದಿಟ್ಟು ಕೇಳಿಯೇಬಿಟ್ಟ. “ನನ್ ಮೇಲೆ ಯಾಕ್ರೀ ಕೋಪ?”

“ನಿಮ್ ಮೇಲಲ್ಲ. ಬೈಕ್ ತಗೋತೀನಿ ಅಂತ ಮೊನ್ನೆ ನಿಮ್ ಸಂಬಳ ಹೇಳಿದ್ರಲ್ಲ? ನಂಗೆ ಅದಕ್ಕಿಂತ ನಾಕು ಸಾವಿರ ಕಮ್ಮಿ.”

“ನಿಮ್ಗಾ? ಯಾಕೆ?”

“ಅದೇ ನಂಗೂ ಗೊತ್ತಾಗ್ಬೇಕು.”

ಅವನು ತನ್ನ ಟೀ ಲೋಟ ಕೆಳಗಿಟ್ಟ. “ನಾನ್ ಹೋಗಿ ಕೇಳ್ತೀನಿ.”

“ಬೇಡ. ಕೇಳೋದು ನಾನು. ನೀವು ಬೇಕಾದ್ರೆ ಜೊತೇಲಿ ನಿಂತ್ಕೊಳ್ಳಿ.”

ಲ್ಯಾಬ್ ಮಾಲೀಕ ಜಯರಾಮಯ್ಯ ಸಿಟ್ಟಾಗಲಿಲ್ಲ. ಮಗಳಿಗೆ ಬುದ್ಧಿ ಹೇಳುವವರ ಹಾಗೆ ನಕ್ಕರು. “ಅವ್ನು ಗಂಡ್ಮಗ ಕಣಮ್ಮ, ಸಂಸಾರ ಸಾಕ್ಬೇಕು. ನೀನು ಇವತ್ತಲ್ಲ ನಾಳೆ ಮದ್ವೆಯಾಗಿ ಕೆಲ್ಸ ಬುಟ್ಟು ಹೋಗ್ತೀಯ.”

“ಅವ್ರನ್ನ ಮದ್ವೆ ಆಗೋನು ಇದೇ ಲ್ಯಾಬಲ್ಲಿದ್ರೆ, ಸಾರ್?”

ಗಂಗಾಧರನ ಬಾಯಿಂದ ಮಾತು ಜಾರಿಬಿಟ್ಟಿತ್ತು. ಜಯರಾಮಯ್ಯ ಕನ್ನಡಕದ ಮೇಲಿನಿಂದ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದರು.

ರಾಧಾಮಣಿಯ ಕಿವಿ ಕೆಂಪಾಯಿತು. ದನಿ ಮಾತ್ರ ಅಲುಗಲಿಲ್ಲ. “ಅದು ಬೇರೆ ವಿಷ್ಯ ಸಾರ್. ಮೊದ್ಲು ನನ್ ಸಂಬಳದ್ದು ಹೇಳಿ. ಶಿರಾದಲ್ಲಿ ಒಂದ್ ಲ್ಯಾಬ್‌ನೋರು ಕರೀತಿದಾರೆ. ಇಲ್ಲಿ ಸಮ ಕೊಡಕ್ಕಾಗಲ್ಲ ಅಂದ್ರೆ ಹೋಗ್ತೀನಿ.”

ಶಿರಾ! ಕಿಟಕಿ ಪಕ್ಕದ ಅವಳ ಮೇಜು ಖಾಲಿಯಾಗಿರುವುದನ್ನು ನೆನೆಸಿಕೊಳ್ಳಲೂ ಗಂಗಾಧರನಿಗಾಗಲಿಲ್ಲ. ಆದರೂ ತಡೆಯಲಿಲ್ಲ. ಹೋಗುವ ಹಕ್ಕು ಅವಳದು.

ಜಯರಾಮಯ್ಯ ಸಂಬಳದ ಪುಸ್ತಕ ತೆಗೆದು ಅವಳ ಹೆಸರಿನ ಮುಂದಿದ್ದ ಅಂಕಿಯನ್ನು ಹೊಡೆದುಹಾಕಿದರು. “ಬರೋ ತಿಂಗಳಿಂದ ಇಬ್ರಿಗೂ ಒಂದೇ. ಹೋಗಿ, ಪೇಷೆಂಟ್ ಕಾಯ್ತಾವ್ರೆ.”

ಸಂಜೆ ಲ್ಯಾಬಿನ ಮೆಟ್ಟಿಲ ಹತ್ತಿರ ಅವನೇ ತಡವರಿಸಿದ. “ಒಳಗೆ ನಾನು ಹಂಗನ್ಬಾರ್ದಿತ್ತು. ನಿಮ್ ಮನಸ್ಸಲ್ಲಿ ಏನಿದೆಯೋ ತಿಳ್ಕೊಳ್ದೆ...”

ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಮದ್ವೆ ಆದ್ರೂ ನಾನು ಕೆಲ್ಸ ಬಿಡಲ್ಲ. ನಿಮ್ಮಮ್ಮಂಗೆ ಹೇಳೋ ಧೈರ್ಯ ಇದೆಯಾ?”

“ಇವತ್ತೇ ಹೇಳ್ತೀನಿ.”

ಅವಳು ಅವನ ಮುಖವನ್ನೇ ನೋಡಿದಳು, ಈ ಮನುಷ್ಯ ಯಾರೆಂದು ಹೊಸದಾಗಿ ತಿಳಿಯಬೇಕೆನ್ನುವ ಹಾಗೆ. ಬೀದಿಯಲ್ಲಿ ಅವಳ ಊರಿನ ಬಸ್ ಬಂದು ಹಾರ್ನ್ ಹೊಡೆಯಿತು. ಅವಳು ಹತ್ತಿ, ಕಿಟಕಿಯಿಂದ ಬಗ್ಗಿದಳು.

“ಭಾನುವಾರ ಐ.ಡಿ.ಹಳ್ಳಿಗೆ ಬಾ. ಅಪ್ಪ ಮನೇಲಿರ್ತಾರೆ.”

ಬಸ್ ಹೋದ ಮೇಲೆ ಅವನಿಗೆ ಹೊಳೆಯಿತು. ‘ಬನ್ನಿ’ ಅಂದಿರಲಿಲ್ಲ. ‘ಬಾ’ ಅಂದಿದ್ದಳು.