ಕುಗ್ಗಿದ ಕಂಬಳಿ

ಕಂಬಳಿ ಗೂಟದಲ್ಲೇ ಇತ್ತು. ಆದರೆ ಅದನ್ನು ಕಂಬಳಿ ಅನ್ನುವ ಹಾಗಿರಲಿಲ್ಲ.

ಹಿಂದಿನ ಸಂಜೆ ನೆಲ ಮುಟ್ಟುವಂತೆ ತೂಗುತ್ತಿದ್ದದ್ದು ಈಗ ಅರ್ಧಕ್ಕರ್ಧ ಮುದುಡಿ, ಕಾಲೊರಸಿನ ಹಾಗೆ ಗಡುಸಾಗಿತ್ತು. ಹೊರಗೆ ಸಮುದ್ರದ ಮಂಜು ಪುರಸಭೆಯ ಸಭಾಂಗಣದ ಕಿಟಕಿಗಳಿಗೆ ಒರಗಿ ನಿಂತಿತ್ತು. ನಮ್ಮೂರಲ್ಲಿ ಇಂಥ ಬೆಳಗು ಬಂದರೆ ಎದ್ದವರೂ ಅರೆನಿದ್ದೆಯಲ್ಲೇ ಓಡಾಡುತ್ತಾರೆ. ಪೊಲೀಸ್ ಅಧಿಕಾರಿ ಗುನ್ನೆಲ್ ಬ್ರೋಲಿನ್ ಮಾತ್ರ ಆಗಲೇ ಚುರುಕು.

"ನನ್ನಮ್ಮ ನೇಯ್ದದ್ದು," ಎಂದಳು ತೋರಾ. ಊರಲ್ಲಿ ಉಳಿದಿರುವ ಒಂದೇ ನೇಯ್ಗೆಮನೆ ಅವಳದು. "ಹುಟ್ಟಿದಾಗಿಂದ ಹೊದ್ದಿದೀನಿ. ಇವತ್ತು ಎಲ್ರಿಗೂ ತೋರಿಸ್ಬೇಕಿತ್ತು."

ಊರಿನ ವೃದ್ಧಾಶ್ರಮಗಳಿಗೆ ಯಾವ ಹೊದಿಕೆ ಕೊಳ್ಳಬೇಕೆಂದು ಪುರಸಭೆ ಅಂದು ತೀರ್ಮಾನಿಸಲಿತ್ತು. ಹುಟ್ಟಿನಿಂದ ಕಸವಾಗುವವರೆಗೆ ಯಾವುದು ಪರಿಸರಕ್ಕೆ ಕಡಿಮೆ ಹೊರೆಯೋ ಅದು. ಲೆಕ್ಕ ಹಾಕಿದ್ದ ಪರಿಣತ ಲೂಡ್ವಿಗ್ ಪ್ರಕಾರ ಪಾಲಿಯೆಸ್ಟರ್ ಗೆದ್ದಿತ್ತು. ಉಣ್ಣೆ ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ತೋರಾಳ ಬಳಿ ಇದ್ದ ಸಾಕ್ಷಿ ಇದೊಂದೇ. ಸೋತರೆ ಅವಳ ಮಗ್ಗಗಳು ನಿಲ್ಲುತ್ತವೆ.

*

ಮೊದಲ ಅನುಮಾನ ಪಾಲಿಯೆಸ್ಟರ್ ಮಾರುವ ರೂನೆಯ ಮೇಲೆ.

"ನಿನ್ನೆ ಕೊನೆಗೆ ಹೋದದ್ದು ನೀನಂತೆ?"

"ಹೌದು. ಗೆದ್ದಿರೋ ಆಟದಲ್ಲಿ ನಾನ್ಯಾಕಮ್ಮ ಮೋಸ ಮಾಡ್ಲಿ?" ರೂನೆ ಹಲ್ಲುಕಿರಿದ.

ಗುನ್ನೆಲ್ ಕಂಬಳಿ ಮೂಸಿದಳು. ಸೋಪಿನ ಘಮ. "ಇದು ಕೊಳಕಾದ್ರೆ ನೀನೇನ್ಮಾಡ್ತೀಯ?"

"ಉಣ್ಣೇನಾ? ಮೇಲಿನ ಗವಸು ಒಗೀಬೇಕು, ಕಂಬಳೀನ ಮಂಜಲ್ಲಿ ಹರವಬೇಕು. ನಮ್ಮಜ್ಜಿ ಹಿಮದ ಮೇಲೆ ಹಾಕಿ ಬಡೀತಿದ್ಲು. ಒಗೆಯೋಕೆ ಹೋಗಿದ್ರೆ ನನ್ನನ್ನೇ ಬಡೀತಿದ್ಲು."

ಕೇಳಿದವರೆಲ್ಲ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಲೂಡ್ವಿಗ್ ಒಬ್ಬನನ್ನು ಬಿಟ್ಟು. ರಾಜಧಾನಿಯಿಂದ ಬಂದವನು, ಅಚ್ಚುಕಟ್ಟು ಮನುಷ್ಯ. ಎದುರಿಗಿದ್ದ ಕಾಫಿ ಆರಿಹೋಗುತ್ತಿತ್ತು.

"ಅರವತ್ತು ಡಿಗ್ರಿ ಬಿಸಿನೀರು, ಆಮೇಲೆ ಒಣಗಿಸೋ ಮಷೀನು. ವಾರಕ್ಕೊಂದ್ಸಲ," ಎಂದ. "ಉಣ್ಣೆ, ಪಾಲಿಯೆಸ್ಟರ್ ಎರಡಕ್ಕೂ ಒಂದೇ ಕ್ರಮ. ಇಲ್ಲಾಂದ್ರೆ ಹೋಲಿಕೆ ನ್ಯಾಯವಾಗಲ್ಲ."

"ಸಭಾಂಗಣದ ಬೀಗದ ಕೈ ನಿನ್ನ ಹತ್ರಾನೂ ಇದೆಯಲ್ವಾ?"

"ಲೆಕ್ಕ ತೋರಿಸೋ ಪರದೆ ಕಟ್ಟೋಕೆ ಅಂತ ಕೊಟ್ಟಿದ್ರು." ಅವನು ಕಂಬಳಿಯ ಕಡೆ ನೋಡಲೇ ಇಲ್ಲ.

*

ಸಭೆ ಸೇರಿತು. ಗುನ್ನೆಲ್ ಕಂಬಳಿಯನ್ನು ಮೇಜಿನ ಮೇಲಿಟ್ಟಳು.

"ಹಾಳು ಮಾಡ್ಬೇಕು ಅಂತಿದ್ದೋರು ಕತ್ತರಿ ಹಾಕ್ತಿದ್ರು, ಇಲ್ಲ ಸಮುದ್ರಕ್ಕೆಸೀತಿದ್ರು. ಇದನ್ನ ಘಮಘಮ ಅನ್ನೋ ಹಾಗೆ ಒಗೆದು, ಒಣಗಿಸಿ, ತಂದು ಅದೇ ಗೂಟಕ್ಕೆ ನೀಟಾಗಿ ಹಾಕಿದಾರೆ. ಒಗೆದ್ರೆ ಏನೂ ಆಗಲ್ಲ ಅಂತ ನಂಬಿದ್ದವರ ಕೆಲಸ ಇದು. ಹಾಗೆ ನಂಬಿದ್ದು ಒಬ್ಬರೇ. ಅವರ ಹತ್ರ ಬೀಗದ ಕೈನೂ ಇತ್ತು."

ಎಲ್ಲರೂ ಲೂಡ್ವಿಗ್‌ನತ್ತ ತಿರುಗಿದರು.

"ಯಾವತ್ತಾದ್ರೂ ಕಂಬಳಿ ಒಗೆದಿದೀಯಾ ಅಂತ ನಿನ್ನೆ ತೋರಾ ಕೇಳಿದ್ಲು," ಅವನ ದನಿ ಕನಸಿನಲ್ಲಿ ಮಾತಾಡುವವನ ಹಾಗಿತ್ತು. "ಎಲ್ರೂ ನಕ್ರು. ನನ್ನ ಲೆಕ್ಕ ಸರಿ ಅಂತ ತೋರಿಸೋಣ ಅಂತ ರಾತ್ರಿ ಬಂದು ಒಯ್ದು ಒಗೆದೆ."

"ಕುಗ್ಗಿದ್ದು ನೋಡಿದ್ಮೇಲೆ?"

"ತಂದು ಅದೇ ಗೂಟಕ್ಕೆ ಹಾಕ್ದೆ. ಯಾರಿಗೂ ಹೇಳ್ಲಿಲ್ಲ."

ಸಭೆಯಲ್ಲಿ ಕೂತಿದ್ದ ನನ್ನ ಕಣ್ಣಿಗೆ ಅಪರಾಧ ಅದೇ. ವಾರವಾರದ ಬಿಸಿನೀರು, ವಿದ್ಯುತ್ತು ಎಲ್ಲವನ್ನೂ ಅವನು ತನ್ನ ಲೆಕ್ಕದಲ್ಲಿ ವರ್ಷಗಟ್ಟಲೆಗೆ ಕಂಬಳಿಯ ತಲೆಗೆ ಕಟ್ಟಿದ್ದ. ಅದು ಒಂದೇ ಒಗೆತಕ್ಕೆ ಸತ್ತಿತ್ತು. ಅಂದರೆ ಲೆಕ್ಕದಲ್ಲಿದ್ದ ಉಳಿದ ಒಗೆತಗಳು ನಡೆಯುವಂಥವೇ ಅಲ್ಲ, ಪರಿಸರಕ್ಕೆ ಆ ಹೊರೆಯೂ ಇಲ್ಲ. ಅದು ಗೊತ್ತಾದ ಮೇಲೂ ಅವನು ಅದೇ ಲೆಕ್ಕ ಓದಲು ಬಂದು ಕೂತಿದ್ದ.

ಪುರಸಭೆಯ ಅಧ್ಯಕ್ಷೆ ತೀರ್ಮಾನ ಮುಂದೂಡಿದಳು. ರೂನೆ ಕೂಡ ತಕರಾರು ತೆಗೆಯಲಿಲ್ಲ.

"ದೂರು ಕೊಡ್ತೀಯಾ ತೋರಾ?" ಗುನ್ನೆಲ್ ಕೇಳಿದಳು.

ತೋರಾ ಕಂಬಳಿಗೆ ಮುಖ ಒತ್ತಿಕೊಂಡಳು. ಎತ್ತಿದಾಗ ಕೆನ್ನೆ ಒದ್ದೆಯಾಗಿತ್ತು.

"ದೂರು ಬೇಡ. ಲೆಕ್ಕ ಇವನೇ ಮತ್ತೆ ಮಾಡ್ಲಿ. ಅದಕ್ಕೆ ಮೊದ್ಲು ಈ ಚಳಿಗಾಲ ಪೂರ್ತಿ ನಾನು ನೇಯ್ದಿದ್ದನ್ನ ಹೊದ್ದು ಮಲಗ್ಲಿ."

ಲೂಡ್ವಿಗ್ ಒಪ್ಪಿ ತಲೆಯಾಡಿಸಿದ. ಆಮೇಲೆ, ಕ್ಷಮೆ ಕೇಳುವವನಂತೆ, ಕುಗ್ಗಿದ ಕಂಬಳಿಯತ್ತ ಕೈ ಚಾಚಿದ.

ತೋರಾ ಅದನ್ನು ಮುಟ್ಟಗೊಡಲಿಲ್ಲ.