ಮೋಟರಿನ ಕಾವಲು

"ನನ್ನ ಕೋಡ್ ಮುಟ್ಟೋಕೆ ನಿಮಗೆ ಯಾರು ಹೇಳಿದ್ದು?"

ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವವನು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಕೆಳಗಿಟ್ಟು ತಲೆಯೆತ್ತಿದ. ಎದುರಿಗೆ ಅವಳು. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಬಿಚ್ಚದ ಊಟದ ಡಬ್ಬಿ.

ರೋಗಿಗಳಿಗೆ ಹನಿಹನಿಯಾಗಿ ಔಷಧ ಬಿಡುವ ಪಂಪು ಅವರದು. ಅದರ ಪುಟ್ಟ ಪ್ರೊಸೆಸರಿನೊಳಗೆ ಯಾವ ಪ್ರೋಗ್ರಾಂ ಯಾವ ಭಾಗವನ್ನು ಮುಟ್ಟಬಹುದೆಂದು ಕಾಯುವ 'ಡ್ರೈವರ್' ಎಂಬ ತಂತ್ರಾಂಶ ಬರೆದವಳು ಅವಳು. ಕಚೇರಿಯಲ್ಲಿ 'ವಾಚ್‌ಮನ್ ಅಕ್ಕ' ಎಂದೇ ಅಡ್ಡಹೆಸರು.

ಮೂರು ದಿನದಿಂದ ಮೋಟರ್ ತಿರುಗುತ್ತಿರಲಿಲ್ಲ; ಎಲ್ಲರ ಬೆರಳೂ ಅವಳ ಡ್ರೈವರಿನತ್ತ. "ನಿನ್ನ ಕಾವಲು ಕಿತ್ತುಹಾಕಮ್ಮ, ಸಂಜೆಗೆ ಮಾಲು ಹೋಗ್ಬೇಕು," ಎಂದು ಗದರಿದ್ದ ಮ್ಯಾನೇಜರ್. ಹಾಸಿಗೆ ಹಿಡಿದವರ ಉಸಿರು ಅವನಿಗೆ ಮಾಲು! ಅವಳು ಆಗುವುದಿಲ್ಲ ಎಂದಿದ್ದಳು. ಈಗ ನೋಡಿದರೆ ಪರೀಕ್ಷೆಯ ಬೋರ್ಡಿನಲ್ಲಿ ಕಾವಲು ಆಫ್. ಬದಲಿಸಿದವನ ಜಾಗದಲ್ಲಿ ಇವನ ಹೆಸರು.

'ಎರಡು ವರ್ಷ ಪಕ್ಕದಲ್ಲಿ ಕೂತು ನಗಿಸಿದವನು... ಇವನೂ ಅವರ ಕಡೆಯೇ?'

"ಕೂತ್ಕೊಳ್ಳಿ. ಜಗಳ ಕೂತೂ ಆಡಬಹುದು."

"ತಮಾಷೆ ಬೇಡ. ಸಾಕಾಗಿದೆ ನನಗೆ."

"ಇದೊಂದೇ ಬೋರ್ಡಲ್ಲಿ ಆಫ್ ಮಾಡಿದೆ, ಕಾವಲಿಲ್ಲದಿದ್ರೆ ಏನಾಗುತ್ತೆ ನೋಡೋಕೆ. ನೀವೂ ನೋಡಿ."

ಮೋಟರ್ ತಿರುಗುತ್ತಿತ್ತು. ಪರದೆಯ ಮೇಲೆ ಬರೀ ಅಂಕಿ ತೋರಿಸುವ, ಮೋಟರಿಗೆ ಸಂಬಂಧವೇ ಇಲ್ಲದ ಪ್ರೋಗ್ರಾಂನಿಂದ ಅವನೊಂದು ಆದೇಶ ಕಳಿಸಿದ. ತಡೆಯುವವರೇ ಇಲ್ಲ. ಮೋಟರಿನ ವೇಗ ನೂರಾರು ಪಟ್ಟಾಯಿತು; ಔಷಧದ ಬದಲು ತುಂಬಿದ್ದ, ಇಡೀ ದಿನಕ್ಕಾಗುವಷ್ಟು ನೀರು ಕಣ್ಣೆದುರೇ ಬಸಿದುಹೋಯಿತು.

ಅವಳು ಡಬ್ಬಿ ಮೇಜಿನ ಮೇಲಿಟ್ಟಳು. "ಹಾಗಾದ್ರೆ ಮೂರು ದಿನ ಮೋಟರ್ ನಿಂತಿದ್ದು ಯಾಕೆ?"

"ನನ್ನಿಂದ. ಯಾವ ಭಾಗ ಯಾವ ಪ್ರೋಗ್ರಾಂಗೆ ಅನ್ನೋ ಪಟ್ಟಿ ಬರೆದವನು ನಾನೇ ತಾನೆ? ಹಳೇ ಬೋರ್ಡಿಂದು ನಕಲು ಹೊಡೆದು, ಮೋಟರಿನ ಸಾಲು ತಿದ್ದೋದು ಮರೆತೆ. ನಿಮ್ಮ ಡ್ರೈವರ್ ಸರಿಯಾಗೇ ತಡೀತು. ತಿದ್ದಿ ಮತ್ತೆ ಪರೀಕ್ಷೆ ಮಾಡೋಕೆ ಒಂದು ವಾರ ಬೇಕು ಅಂತ ಮ್ಯಾನೇಜರಿಗೆ ಬರೆದಿಟ್ಟಿದೀನಿ."

"ಕೆಲಸ ಹೋಗುತ್ತೆ ರೀ ನಿಮ್ದು."

"ಹೋಗ್ಲಿ. ನನ್ನ ತಪ್ಪಿಗೆ ನೀವು ಬೈಸ್ಕೊಂಡ್ರಿ. ಇಷ್ಟಪಟ್ಟವಳನ್ನ ಬೈಸಿ ಕೂತು ಉಣ್ಣೋದು ಹೇಗೆ..."

ಅವಳು ಕುರ್ಚಿ ಎಳೆದು ಕೂತಳು. ಸಿಟ್ಟಿಗೂ ಶಕ್ತಿ ಉಳಿದಿರಲಿಲ್ಲ. ಕೀಬೋರ್ಡ್ ಎಳೆದುಕೊಂಡು ಅವನ ಪತ್ರಕ್ಕೆ ಎರಡು ಸಾಲು ಸೇರಿಸಿದಳು: 'ಆ ಪಟ್ಟಿಯನ್ನು ನೋಡಿ ಒಪ್ಪಿದವಳು ನಾನು. ಕಾವಲು ಕಿತ್ತ ಪಂಪಿಗೆ ನಾವಿಬ್ಬರೂ ಸಹಿ ಹಾಕುವುದಿಲ್ಲ.'

ಕಳಿಸಿಬಿಟ್ಟಳು.

ಹತ್ತು ನಿಮಿಷಕ್ಕೆ ಮ್ಯಾನೇಜರಿನ ಉತ್ತರ ಬಂತು: 'ಒಂದೇ ವಾರ. ಆಮೇಲೆ ನಿಮ್ಮಿಬ್ಬರ ವಿಷಯ ಮಾತಾಡೋಣ.'

"ಎರಡು ವರ್ಷ ಬೇಕಾಯ್ತಾ ನಿನಗೆ, ಇಷ್ಟ ಅಂತ ಹೇಳೋಕೆ?" ಅವಳು ಅವನತ್ತ ತಿರುಗಿದಳು.

"ಯಾವಾಗ್ಲೂ ದಣಿದಿರ್ತಿದ್ರಿ. ಅದರ ಮೇಲೆ ನಂದೊಂದು ಯಾಕೆ ಅಂತ..."

ಅವಳು ಅವನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು.

"ಈಗಲೂ ದಣಿದಿದೀನಿ. ಸ್ವಲ್ಪ ಹೊತ್ತು ಅಲ್ಲಾಡಬೇಡ."