ಓರ್ಲಾ ಹೇಳಿಕೊಟ್ಟ ಮಾತು

ಇಲ್ಡಿಕೋ ಏನೋ ಹೇಳಿ ನಕ್ಕಳು. ಫರ್ಗಲ್‌ನ ಕಿವಿ ಕೆಂಪಾಯಿತು.

ಕಿಟಕಿಯ ಈಚೆ, ಬೋರ್ಡಿನ ಮುಂದೆ ನಿಂತಿದ್ದ ಓರ್ಲಾ ಅದನ್ನು ನೋಡಿದಳು. ಬರೆಯುತ್ತಿದ್ದ ವಾಕ್ಯ ಅರ್ಧಕ್ಕೇ ನಿಂತುಹೋಯಿತು.

"ಆಮೇಲೆ, ಟೀಚರ್?" ಎಂದು ಪೋರ್ಚುಗಲ್‌ನಿಂದ ಬಂದಿದ್ದ ದಪ್ಪ ಮೀಸೆಯ ವಾಸ್ಕೋ ಕೇಳಿದ.

"ಆಮೇಲೆ ಏನಿಲ್ಲ. ನೀವೇ ತುಂಬ್ಕೊಳ್ಳಿ."

ಐರಿಷ್ ನಾಡಿನ ಕ್ಲೇರ್ ಕಡಲ ದಂಡೆಯ ಕಿಲ್‌ಬ್ರಾಕ್ ಊರಿನ ಹಳೆಯ ಕಾನ್ವೆಂಟಿನಲ್ಲಿ ಪ್ರತಿ ಬೇಸಿಗೆ ಇಂಗ್ಲಿಷ್ ತರಗತಿ ನಡೆಯುತ್ತಿತ್ತು. ಯುರೋಪಿನ ಮೂಲೆಮೂಲೆಯಿಂದ ದೊಡ್ಡವರು ಬಂದು ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂರುತ್ತಿದ್ದರು. ಬೆಳಿಗ್ಗೆ ಓರ್ಲಾ ಹೇಹರ್ ವ್ಯಾಕರಣ ಕಲಿಸುತ್ತಿದ್ದಳು. ಮಧ್ಯಾಹ್ನ ಊರಿನವರು ಬಂದು ಕುಣಿತ, ಕತೆ, ಹರ್ಲಿಂಗ್ ಆಟ, ಸೋಡಾ ಬ್ರೆಡ್ಡು, ಎಲ್ಲವನ್ನೂ ತಮ್ಮದೇ ಬಾಯಲ್ಲಿ ವಿವರಿಸುತ್ತಿದ್ದರು. ಪುಸ್ತಕದ ಇಂಗ್ಲಿಷ್ ಕಲಿತು ಬಂದವರಿಗೆ ಐರಿಷರ ಇಂಗ್ಲಿಷ್ ಕಿವಿಗೆ ಹತ್ತುವುದಕ್ಕೆ ಅದೇ ಮದ್ದು.

ಕುಣಿತಕ್ಕೆ ಕಾನ್ಸರ್ಟಿನಾ ನುಡಿಸುವವನು ಫರ್ಗಲ್ ಕಾನ್ಸಿಡೀನ್. ಅಂಗೈಗಳ ನಡುವೆ ಉಸಿರಾಡುವ ಆ ಪುಟ್ಟ ಪೆಟ್ಟಿಗೆಯನ್ನು ಅವನು ನುಡಿಸುತ್ತಿದ್ದ, ಊರೂರಿನವರು ತಂದುಕೊಟ್ಟದ್ದನ್ನು ರಿಪೇರಿಯೂ ಮಾಡುತ್ತಿದ್ದ. ಓರ್ಲಾ ಮತ್ತು ಅವನು ಒಂದೇ ಬೀದಿಯಲ್ಲಿ ಬೆಳೆದವರು. ಅವನು ನುಡಿಸಿ ಮುಗಿಸಿದಾಗಲೆಲ್ಲ ಅವಳು, "ಯಾರೋ ಬೆಕ್ಕಿನ ಬಾಲ ತುಳಿದ್ರು ಪಾಪ," ಎನ್ನುತ್ತಿದ್ದಳು. ಅವನು, "ವ್ಯಾಕರಣದ ಮೇಷ್ಟ್ರಿಗೆ ಸಂಗೀತ ಏನು ಗೊತ್ತು," ಎನ್ನುತ್ತಿದ್ದ. ಊರಿನವರು ಇಬ್ಬರನ್ನೂ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಇದು ವರ್ಷಗಳಿಂದ ಹೀಗೇ ಸಾಗಿತ್ತು, ಇನ್ನೂ ಹೀಗೇ ಸಾಗುತ್ತದೆ ಎಂದು ಓರ್ಲಾ ನಂಬಿದ್ದಳು.

ಅಷ್ಟರಲ್ಲಿ ಹಂಗರಿಯಿಂದ ಇಲ್ಡಿಕೋ ಬಂದಳು. ಬೆನ್ನಿಗೆ ಪಿಟೀಲು, ಉದ್ದ ಕುತ್ತಿಗೆ, ನಕ್ಕರೆ ಇಡೀ ಮುಖ ನಗುವ ಬಗೆ. ಸಾಲದ್ದಕ್ಕೆ, ಅವಳಿಗೆ ಉಳಿಯಲು ಕೊಟ್ಟ ಮನೆ ಫರ್ಗಲ್‌ನ ತಾಯಿ ಪೆಗ್‌ಳದು.

ಬೆಳಗಿನ ತರಗತಿಗೆ ಇಲ್ಡಿಕೋ ತಡವಾಗಿ ಬರತೊಡಗಿದಳು. "ಕ್ಷಮಿಸಿರಿ ಟೀಚರ್. ಫರ್ಗಲ್ ನನಗೆ ಒಂದು ಹೊಸ ಧಾಟಿಯನ್ನು ತೋರಿಸುತ್ತಿದ್ದನು," ಎನ್ನುತ್ತಿದ್ದಳು. ಅವಳ ಇಂಗ್ಲಿಷ್ ಇಸ್ತ್ರಿ ಮಾಡಿದ ಬಟ್ಟೆಯಂತೆ ಗರಿಗರಿಯಾಗಿತ್ತು.

"ತೋರಿಸುತ್ತಿದ್ದನು ಅಲ್ಲ. ತೋರಿಸಿದನು," ಎಂದಳು ಓರ್ಲಾ.

"ಇಲ್ಲ ಟೀಚರ್, ಇನ್ನೂ ಮುಗಿದಿಲ್ಲ. ನಾಳೆಯೂ ತೋರಿಸುತ್ತಾನೆ."

ಇಡೀ ತರಗತಿ ಗೊಳ್ಳೆಂದಿತು. ಓರ್ಲಾಳೂ ನಕ್ಕಳು. ನಗು ತುಟಿಯಿಂದ ಕೆಳಗಿಳಿಯಲಿಲ್ಲ. ಅಂದು ಇಲ್ಡಿಕೋಳ ಹಾಳೆಯಲ್ಲಿ ಅವಳು ಅಲ್ಪವಿರಾಮವನ್ನೂ ಬಿಡದೆ ತಿದ್ದಿದಳು.

ಇಲ್ಡಿಕೋ ಬಾರದೇ ಇದ್ದ ಒಂದು ಬೆಳಿಗ್ಗೆ ಪಾಠ ಹಳೆಯ ಕಾಲದ ಮಾತುಕತೆಯ ಕಡೆ ಹೊರಳಿತು. ತಾತಂದಿರು ಹೇಗೆ ಹೆಣ್ಣು ಕೇಳುತ್ತಿದ್ದರೆಂದು ಓರ್ಲಾ ಹೇಳಿದಳು. ಪ್ರೀತಿ ಗೀತಿ ಅನ್ನುವ ಪದವೇ ಇಲ್ಲ. ಟೋಪಿ ಕೈಯಲ್ಲಿ ಹಿಡಿದು, ನೆಲ ನೋಡುತ್ತಾ, "ನಮ್ಮ ಮನೆಯವರ ಪಕ್ಕ ಮಣ್ಣಾಗೋಕೆ ಒಪ್ಪಿಗೆಯಾ?" ಎನ್ನುವುದು.

"ಇದು ಮದುವೆಯ ಪ್ರಸ್ತಾಪವಾ, ಸ್ಮಶಾನದ ಜಾಹೀರಾತಾ?" ಎಂದ ವಾಸ್ಕೋ.

"ಒಂದೇ ಕಡೆ ಮಣ್ಣಾಗಬೇಕು ಅಂದ್ರೆ ಅಲ್ಲಿವರೆಗೂ ಒಂದೇ ಕಡೆ ಬಾಳ್ಬೇಕಲ್ಲ ಸ್ವಾಮಿ. ಅದು ಅದರ ಅರ್ಥ."

ಮಾರನೆಯ ದಿನ ಮೊಗಸಾಲೆಯಲ್ಲಿ ಇಲ್ಡಿಕೋ ಅವಳನ್ನು ತಡೆದು ನಿಲ್ಲಿಸಿದಳು. ಆ ಸಂಜೆ ಹಾಲ್‌ನಲ್ಲಿ ಕೇಲಿ ಇತ್ತು, ಊರೆಲ್ಲ ಸೇರಿ ಕುಣಿಯುವ ಕೂಟ. ಇಲ್ಡಿಕೋಳ ಕೆನ್ನೆ ರಂಗೇರಿತ್ತು.

"ಟೀಚರ್, ಒಂದು ಸಹಾಯ. ಕುಣಿಯಲು ಬಾ ಎಂದು ಒಬ್ಬ ಗಂಡಸನ್ನು ಕರೆಯಬೇಕು. ಪುಸ್ತಕದ ಹಾಗೆ ಅಲ್ಲ. ನಿಮ್ಮ ಊರಿನ ಹಳೆಯ, ಚೆಂದದ ಮಾತಿನಲ್ಲಿ."

"ಯಾವ ಗಂಡಸನ್ನ?"

ಇಲ್ಡಿಕೋ ನಕ್ಕಳು. ಇಡೀ ಮುಖ ನಕ್ಕಿತು.

ಓರ್ಲಾಳ ಎದೆಯಲ್ಲಿ ಕೆಂಡವೊಂದು ಹೊರಳಿತು. ಸುಮ್ಮನಿರಬಹುದಿತ್ತು. ಆದರೆ ಬಾಯಿ ತಾನಾಗಿ ತೆರೆದುಕೊಂಡಿತು. ಟೋಪಿ ಹಿಡಿದ ತಾತನ ಆ ಸಾಲನ್ನು ಅವಳು ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿಕೊಟ್ಟಳು. ಅರ್ಥ ಕೇಳಿದಾಗ, "ಒಂದ್ ಸುತ್ತು ಕುಣಿಯೋಣ ಬಾ ಅಂತ," ಎಂದಳು.

ಕೇಲಿಯ ಹೊತ್ತಿಗೆ ಸಂಜೆಯ ಬಿಸಿಲು ಇನ್ನೂ ಹಾಲ್‌ನ ಹಲಗೆ ನೆಲದ ಮೇಲೆ ಬಿದ್ದಿತ್ತು. ಎರಡು ಸುತ್ತು ಕುಣಿತ ಮುಗಿದು ಫರ್ಗಲ್ ಕಾನ್ಸರ್ಟಿನಾ ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ಹಸಿರು ಅಂಗಿ ತೊಟ್ಟಿದ್ದ ಇಲ್ಡಿಕೋ ನೇರ ಅವನ ಮುಂದೆ ಹೋಗಿ ನಿಂತಳು. ಎಲ್ಲರಿಗೂ ಕೇಳುವಂತೆ, ಒಂದಕ್ಷರ ತಪ್ಪದೆ ಕೇಳಿದಳು.

"ನಮ್ಮ ಮನೆಯವರ ಪಕ್ಕ ಮಣ್ಣಾಗೋಕೆ ಒಪ್ಪಿಗೆಯಾ?"

ಹಾಲ್ ಒಂದೇ ಸಲ ನಗೆಯಿಂದ ಸಿಡಿಯಿತು. "ಓಯ್ ಫರ್ಗಲ್, ಹಂಗರಿಯಲ್ಲಿ ಜಾಗ ಬುಕ್ ಆಯ್ತು ನೋಡೋ!" ಎಂದು ಯಾರೋ ಕೂಗಿದರು. ಮರುಕ್ಷಣವೇ ನಗೆ ಕತ್ತರಿಸಿದಂತೆ ನಿಂತಿತು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಪೆಗ್ ಚಹಾದ ಕಪ್ಪಿನೊಳಗೆ ಮುಖ ಹುದುಗಿಸಿದ್ದಳು. ಅವಳ ಭುಜ ನಡುಗುತ್ತಿತ್ತು. ಅವಳ ಗಂಡ ಮಾರ್ಟಿಯನ್ನು ಊರಿನವರೆಲ್ಲ ಸೇರಿ ಮಣ್ಣು ಮಾಡಿ ಇನ್ನೂ ಅರ್ಧ ವರ್ಷ ಆಗಿರಲಿಲ್ಲ.

ಓರ್ಲಾ ಬಾಗಿಲ ಬಳಿ ಕಲ್ಲಾದಳು. ಮಾರ್ಟಿಯ ಶವಪೆಟ್ಟಿಗೆಯ ಹಿಂದೆ ತಾನೂ ನಡೆದಿದ್ದಳು. ಅದು ಹೇಗೆ ಮರೆತುಹೋಯಿತು?

ಇಲ್ಡಿಕೋಳಿಗೆ ಏನೋ ಕೆಟ್ಟದ್ದಾಗಿದೆ ಎಂದಷ್ಟೇ ಗೊತ್ತಾಯಿತು. ಮುಖದ ರಂಗು ಇಳಿಯಿತು. ಫರ್ಗಲ್ ಅವಳ ಕೈ ಹಿಡಿದುಕೊಂಡ.

"ಮೊದ್ಲು ಕುಣಿಯೋಣ ಬಾ. ಮಿಕ್ಕಿದ್ದಕ್ಕೆ ಅವಸರ ಇಲ್ಲ," ಎಂದ ಮೆಲ್ಲಗೆ. ಅವಳನ್ನು ನೆಲದ ನಡುವಿಗೆ ಕರೆದೊಯ್ಯುತ್ತಾ, ಅವಳ ಭುಜದ ಮೇಲಿಂದ ಓರ್ಲಾಳ ಕಡೆ ನೋಡಿದ. ಒಂದೇ ನೋಟ. ಆ ಮಾತು ಯಾರ ಬಾಯಿಂದ ಹೊರಟಿತೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸೋಮವಾರ ಇಲ್ಡಿಕೋ ತರಗತಿಗೆ ಬರಲಿಲ್ಲ. ಪಾಠ ಮುಗಿದ ಕೂಡಲೇ ಓರ್ಲಾ ಪೆಗ್‌ಳ ಮನೆಗೆ ಹೋದಳು. ಬಾಗಿಲು ತೆರೆದ ಪೆಗ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಒಳಗೆ ಬಂದು ಅಳು. ಹೊಸ್ತಿಲಲ್ಲಿ ಅತ್ರೆ ಬೀದಿಯವರಿಗೆ ಬಿಟ್ಟಿ ನಾಟಕ."

"ಪೆಗ್, ಮಾರ್ಟಿ ವಿಷಯ ನನಗೆ..."

"ಮಾರ್ಟಿ ನನ್ನನ್ನ ಹಾಗೇ ಕೇಳಿದ್ದ ಕಣೇ. ಹಾಲಿನ ಡೈರಿ ಹಿಂದೆ, ಕೈಯಲ್ಲಿ ಬಕೆಟ್ಟು ಹಿಡ್ಕೊಂಡು. ಮೊನ್ನೆ ಅದು ನೆನಪಾಗಿ ಕಪ್ಪಿನೊಳಗೆ ನಗ್ತಾ ಇದ್ದೆ. ಜನ ಅಳ್ತಿದಾಳೆ ಅಂದ್ಕೊಂಡ್ರು." ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಅಳು ಬರ್ಲಿಲ್ಲ ಅಂತೇನೂ ಅಲ್ಲ. ಹೋಗು, ನೀನು ಕ್ಷಮೆ ಕೇಳ್ಬೇಕಾದೋಳು ಅಡುಗೆಮನೇಲಿ ಇದಾಳೆ."

ಇಲ್ಡಿಕೋ ಆಲೂಗಡ್ಡೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಟೀಚರ್, ನಾನು ಅದನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆನು. ಬಹಳ ಸಲ."

ಓರ್ಲಾಳ ಬಳಿ ಸಿದ್ಧವಾಗಿದ್ದ ಮಾತೆಲ್ಲ ಆ ಒಂದು ವಾಕ್ಯದ ಮುಂದೆ ಕರಗಿಹೋಯಿತು. "ತಪ್ಪಾಯ್ತು," ಎಂದಳು. "ಗೊತ್ತಿದ್ದೇ ಮಾಡ್ದೆ."

"ಏಕೆ?"

"ಹೊಟ್ಟೆಕಿಚ್ಚು. ನಮ್ಮ ಐರಿಷ್‌ನಲ್ಲಿ ಅದು ನಮ್ಮ ಮೇಲೆ ಇದೆ ಅಂತೀವಿ. ಹೆಗಲ ಮೇಲೆ ಹತ್ತಿ ಕೂತ ಹಾಗೆ. ನಿಮ್ಮಿಬ್ಬರ ನಗು ಕೇಳಿದಾಗಲೆಲ್ಲ ಕೂತ್ಕೊಳ್ತಿತ್ತು."

"ಹಂಗರಿಯಲ್ಲಿಯೂ ಕೂರುತ್ತದೆ," ಎಂದಳು ಇಲ್ಡಿಕೋ. ಚಾಕು ಕೆಳಗಿಟ್ಟಳು. "ಅವನು ದಿನವಿಡೀ ನಿಮ್ಮ ಬಗ್ಗೆ ದೂರುತ್ತಾನೆ. ಅದನ್ನು ಕೇಳುವಾಗ ನನ್ನ ಮೇಲೆಯೂ ಕೂರುತ್ತಿತ್ತು."

ಓರ್ಲಾ ಕುರ್ಚಿ ಎಳೆದು ಅವಳ ಎದುರಿಗೆ ಕೂತಳು.

"ನನಗೆ ಅವನು ಇಷ್ಟ, ಟೀಚರ್. ಅಡಗಿಸುವುದಿಲ್ಲ. ಶುಕ್ರವಾರ ನನ್ನ ಬಸ್ಸು. ಅಷ್ಟರೊಳಗೆ ನೀವು ಹೇಳದಿದ್ದರೆ ನಾನು ಹೇಳುತ್ತೇನೆ. ಈ ಸಲ ಸರಿಯಾದ ಮಾತಿನಲ್ಲಿ. ವ್ಯಾಕರಣವನ್ನು ನೀವೇ ತಿದ್ದಿಕೊಡಬೇಕು."

ಬಾಗಿಲ ಆಚೆಯಿಂದ ಪೆಗ್‌ಳ ದನಿ ಬಂತು. "ಅಬ್ಬಾ, ನನ್ನ ಮಗನಿಗೆ ಬಂದ ಯೋಗವೇ!"

ಬುಧವಾರ ತರಗತಿಯನ್ನು ಜೌಗಿಗೆ ಕರೆದೊಯ್ಯುವ ದಿನ. ಕತ್ತರಿಸಿದ ಟರ್ಫ್ ಮಣ್ಣಿನ ಹೆಂಟೆಗಳನ್ನು ಒಂದಕ್ಕೊಂದು ಒರಗಿಸಿ ಗಾಳಿಗೆ ನಿಲ್ಲಿಸಬೇಕು, ಒಣಗಿದರೆ ಚಳಿಗಾಲಕ್ಕೆ ಒಲೆಗೆ. ಫರ್ಗಲ್ ವಿದ್ಯಾರ್ಥಿಗಳಿಗೆ ಒಂದು ಗೂಡು ಕಟ್ಟಿ ತೋರಿಸಿ, ತಾನು ದೂರದ ಸಾಲಿಗೆ ಹೋಗಿ ಬಗ್ಗಿದ. ಬೆಳಗಿನಿಂದ ಓರ್ಲಾಳ ಕಡೆ ತಿರುಗಿಯೂ ನೋಡಿರಲಿಲ್ಲ.

ಇಲ್ಡಿಕೋ ಮೊಣಕೈವರೆಗೆ ಕೆಸರಾಗಿ ನಿಂತು ಓರ್ಲಾಳನ್ನೇ ನೋಡುತ್ತಿದ್ದಳು. ಗಲ್ಲ ಎತ್ತಿ ಆ ಸಾಲಿನ ಕಡೆ ತೋರಿಸಿದಳು. ಹೋಗಿ, ಇಲ್ಲದಿದ್ದರೆ ನಾನು ಹೊರಟೆ ಎನ್ನುವ ಹಾಗೆ.

ಓರ್ಲಾ ಹೋದಳು. ಅವನ ಎದುರಿಗೆ ಬಗ್ಗಿ ತಾನೂ ಒಂದು ಹೆಂಟೆ ಎತ್ತಿದಳು.

"ಇಲ್ಡಿಕೋ ಹತ್ರ ಕ್ಷಮೆ ಕೇಳ್ದೆ."

"ಅಮ್ಮ ಹೇಳಿದ್ಳು."

"ನಿನ್ನ ಹತ್ರಾನೂ ಕೇಳ್ತಿದೀನಿ. ನಿಮ್ಮಪ್ಪನ್ನ..."

"ಅಪ್ಪ ಇದ್ದಿದ್ರೆ ಎಲ್ಲರಿಗಿಂತ ಮೊದ್ಲು ನಗ್ತಿದ್ದ. ಅದು ಬಿಡು." ಅವನು ನೆಟ್ಟಗಾದ. "ಪರದೇಶದ ಹುಡುಗಿ, ನಿನ್ನ ಬಾಯಿಂದ ಬಂದಿದ್ದನ್ನ ಹಾಗೇ ಕಣ್ಣಿಗೆ ಒತ್ಕೊಂಡು ಕಲಿಯೋಳು. ಅವಳನ್ನ ಊರ ಮುಂದೆ ನಿಲ್ಸಿ ನಗೆಪಾಟಲು ಮಾಡ್ದೆಯಲ್ಲ ಓರ್ಲಾ. ನೀನು ಅಂಥೋಳಲ್ಲ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ."

ಗಾಳಿ ಬೀಸಿತು. ಜೌಗಿನ ಬಿಳಿ ಹತ್ತಿಹುಲ್ಲು ಒಟ್ಟಿಗೆ ತಲೆಬಾಗಿತು.

"ಅವಳು ನಿನಗೆ ಇಷ್ಟಾನಾ?" ಎಂದು ಕೇಳಿದಳು. ದನಿ ಸಾಮಾನ್ಯವಾಗಿರಲೆಂದು ಪಟ್ಟ ಪ್ರಯತ್ನವೆಲ್ಲ ದನಿಯಲ್ಲೇ ಕೇಳಿಸಿತು.

"ಸುಳ್ಳು ಹೇಳಲ್ಲ. ಅವಳ ಜೊತೆ ಕೂರೋದು ಇಷ್ಟ ಆಯ್ತು. ನಾನು ನುಡಿಸಿದ್ರೆ ಕಣ್ಮುಚ್ಚಿ ಕೇಳ್ತಾಳೆ. ಚೆನ್ನಾಗಿತ್ತು ಅಂತಾಳೆ. ನೀನು ಹುಟ್ಟಿದಾಗಿಂದ ಕೇಳ್ತಿದೀಯ, ಒಂದೇ ಒಂದ್ ದಿನ ಹಾಗಂದಿದೀಯಾ? ಬೆಕ್ಕಿನ ಬಾಲ ಅಂತೀಯ."

ಅದು ಎದೆಗೆ ನಾಟಿತು. ಏಕೆಂದರೆ ನಿಜವಾಗಿತ್ತು.

"ನೀನು ನುಡಿಸುವಾಗ ನಾನು ಗೋಡೆ ಕಡೆ ತಿರುಗಿ ನಿಂತಿರ್ತೀನಿ, ನೋಡಿದೀಯಾ?"

"ನೋಡಿದೀನಿ. ಬೇಜಾರಿಗೆ ಅಂದ್ಕೊಂಡಿದ್ದೆ."

"ನಿನ್ನ ಕಡೆ ನೋಡಿದ್ರೆ ಮುಖದಲ್ಲಿ ಎಲ್ಲಾ ಕಾಣ್ಸುತ್ತೆ ಕಣೋ, ದಡ್ಡ! ಊರಿಗೆಲ್ಲ ಕಾಣ್ಸುತ್ತೆ. ಅದಕ್ಕೆ ಗೋಡೆ. ಅದಕ್ಕೆ ಬೆಕ್ಕು. ನೀನು ನುಡಿಸೋದು ಕೇಳಿದ್ರೆ ನನಗೆ ಮನೆಗೆ ಹೋಗೋಕೆ ಕಾಲೇ ಬರಲ್ಲ. ನಿನ್ನ ಮೇಲೆ ಜೀವ ಇಟ್ಕೊಂಡು ಎಷ್ಟು ವರ್ಷ ಆಯ್ತೋ ನನಗೇ ಗೊತ್ತಿಲ್ಲ. ಆಯ್ತಾ? ಅವಳನ್ನ ನೋಡ್ಬೇಡ ಅಂತ ಹೇಳೋ ಹಕ್ಕು ನನಗಿಲ್ಲ. ನೋಡಿದ್ರೆ ಉರಿಯುತ್ತೆ, ಅಷ್ಟೇ."

ಹೇಳಿ ಮುಗಿಸಿ, ಕೈಯಲ್ಲಿದ್ದ ಹೆಂಟೆಯನ್ನು ಎಲ್ಲೋ ಇಟ್ಟಳು. ಅವನು ಕಟ್ಟಿದ್ದ ಗೂಡು ಪೂರ್ತಿ ಉರುಳಿತು.

ಫರ್ಗಲ್ ಬಿದ್ದ ಗೂಡನ್ನು ನೋಡಿದ. ಅವಳನ್ನು ನೋಡಿದ. ಅವನ ಕಿವಿ ನಿಧಾನವಾಗಿ ಕೆಂಪಾಗತೊಡಗಿತು, ಕಿಟಕಿಯಿಂದ ಕಂಡದ್ದಕ್ಕಿಂತ ಗಾಢವಾಗಿ, ಕತ್ತಿನವರೆಗೂ.

"ಇನ್ನೊಂದ್ಸಲ ಹೇಳು."

"ಯಾವ್ದನ್ನ?"

"ಚೆನ್ನಾಗಿ ನುಡಿಸ್ತೀನಿ ಅನ್ನೋದನ್ನ."

"ಅಯ್ಯೋ, ಅಷ್ಟೆಲ್ಲ ಹೇಳಿದ್ರಲ್ಲಿ ನಿನಗೆ ಕೇಳ್ಸಿದ್ದು ಅದೊಂದೇನಾ!"

"ಮಿಕ್ಕಿದ್ದನ್ನ ಆಮೇಲೆ ನಿಧಾನವಾಗಿ ಹೇಳಿಸ್ಕೋತೀನಿ," ಎಂದ. "ನನಗೂ ಹೇಳೋದಿದೆ. ನಿನ್ನ ಹಿಂದೆ ಸುತ್ತುತ್ತಿದ್ದ ಆ ದನದ ಡಾಕ್ಟರ್ ಇದ್ನಲ್ಲ, ಅವನ ಕಾರು ನಿಮ್ಮನೆ ಮುಂದೆ ನಿಂತಾಗಲೆಲ್ಲ ನಾನು ಕಾನ್ಸರ್ಟಿನಾದ ಎಷ್ಟು ರೀಡು ಮುರಿದಿದೀನಿ ಗೊತ್ತಾ?"

"ಅವನು ಬರ್ತಿದ್ದಿದ್ದು ನಮ್ಮ ಹಸು ನೋಡೋಕೆ!"

"ನನಗೇನು ಗೊತ್ತು? ಹಸು ನನಗೆ ಹೇಳ್ಲಿಲ್ಲವಲ್ಲ."

ಅವಳು ನಕ್ಕಳು. ಅವನು ಕೈಗವಸು ಕಳಚಿ ಅವಳ ಕೆನ್ನೆಯ ಕೆಸರು ಒರೆಸಿದ. ಕೆಸರು ಇನ್ನಷ್ಟು ಹರಡಿತು. ಅವನು ಕೈ ತೆಗೆಯಲಿಲ್ಲ.

"ಟೀಚರ್!" ದೂರದಿಂದ ವಾಸ್ಕೋ ಕೂಗಿದ. "ಹೀಗೆ ಒರಗಿಸಿ ನಿಲ್ಲಿಸಿದರೆ ಸರಿಯೇ?"

"ಸರಿ, ಸರಿ, ಹಾಗೇ!" ಎಂದಳು ಓರ್ಲಾ, ಅತ್ತ ನೋಡದೆ.

ಇಲ್ಡಿಕೋ ಆ ಕಡೆ ಬೆನ್ನು ತಿರುಗಿಸಿ, ತನ್ನ ಸಾಲಿಗೆ ಬಗ್ಗಿದಳು.

ಶುಕ್ರವಾರ ಅಂಚೆ ಕಚೇರಿಯ ಮುಂದೆ ಬಸ್ಸು ಬಂತು. ಪೆಗ್ ದಾರಿಗೆಂದು ಬ್ರೆಡ್ಡು ಕಟ್ಟಿಕೊಟ್ಟಳು. ಇಲ್ಡಿಕೋ ಓರ್ಲಾಳನ್ನು ಅಪ್ಪಿಕೊಂಡಳು. ಕಣ್ಣು ಒದ್ದೆಯಾಗಿತ್ತು, ಅಡಗಿಸಲಿಲ್ಲ.

"ನನ್ನ ವಾಕ್ಯ ಸಿದ್ಧವಾಗಿತ್ತು ಟೀಚರ್. ಒಂದೂ ತಪ್ಪಿರಲಿಲ್ಲ."

"ನನಗೆ ಗೊತ್ತು," ಎಂದಳು ಓರ್ಲಾ. ಅವಳ ಕೈಯನ್ನು ಬಿಗಿಯಾಗಿ ಒತ್ತಿದಳು.

ಇಲ್ಡಿಕೋ ಫರ್ಗಲ್‌ನ ಬಳಿ ಹೋದಳು. ತುದಿಗಾಲಲ್ಲಿ ನಿಂತು ಅವನ ಕಿವಿಯಲ್ಲಿ ಏನೋ ಹೇಳಿದಳು. ಅದು ಚಿಕ್ಕ ಮಾತಲ್ಲ. ಅವನು ತಲೆಯಾಡಿಸಿ ಅವಳ ಹಣೆಗೆ ಮುತ್ತಿಟ್ಟ. ಪಿಟೀಲಿನ ಪೆಟ್ಟಿಗೆ ಬಸ್ಸಿನೊಳಗೆ ಮರೆಯಾಯಿತು.

ಬಸ್ಸು ತಿರುವು ದಾಟುವವರೆಗೆ ಓರ್ಲಾ ತಡೆದುಕೊಂಡಳು.

"ಏನಂದ್ಳು?"

"ಏನೋ ಅಂದ್ಳು."

"ಏನೋ ಅಂದ್ರೆ?"

"ಅದು ಅವಳು ನನಗೆ ಹೇಳಿದ್ದು ಓರ್ಲಾ. ನನ್ನ ಹತ್ರಾನೇ ಇರ್ಲಿ."

ಅವನು ನಗುತ್ತಿರಲಿಲ್ಲ. ಹೆಗಲ ಮೇಲೆ ಅದು ಮತ್ತೆ ಹತ್ತಿ ಕೂತದ್ದು ಅವಳಿಗೆ ಗೊತ್ತಾಯಿತು. ಕೇಳಬೇಕೆನ್ನಿಸಿತು, ಪೀಡಿಸಬೇಕೆನ್ನಿಸಿತು. ಅಡುಗೆಮನೆಯಲ್ಲಿ ಬಗ್ಗಿದ್ದ ಇಲ್ಡಿಕೋಳ ತಲೆ ಕಣ್ಣಿಗೆ ಕಟ್ಟಿತು.

"ಸರಿ, ಇರ್ಲಿ," ಎಂದಳು. ಹೇಳುವುದಕ್ಕೆ ತುಂಬಾ ಕಷ್ಟವಾಯಿತು.

ಫರ್ಗಲ್ ಅವಳನ್ನೇ ನೋಡುತ್ತಾ ನಿಂತ. "ತುಂಬಾ ಉರೀತಿದೆಯಾ?"

"ಭಗಭಗ ಅಂತಿದೆ."

"ಹಾಗಾದ್ರೆ ಬಾ ಹತ್ರ."

ಅಂಚೆ ಕಚೇರಿಯ ಕಿಟಕಿಯಲ್ಲಿ ಪರದೆ ಸರಿಯಿತು. ಪೆಗ್ ಕೆಮ್ಮಿದಳು. ನಡುಬೀದಿಯಲ್ಲಿ, ನಡುಹಗಲಲ್ಲಿ, ಓರ್ಲಾ ಹೇಹರ್ ಫರ್ಗಲ್‌ನ ಕೋಟಿನ ಕಾಲರ್ ಎರಡೂ ಕೈಯಲ್ಲಿ ಹಿಡಿದೆಳೆದು ಮುತ್ತಿಟ್ಟಳು. ಈ ಸಲ ಅವಳ ಮುಖದಲ್ಲಿದ್ದುದನ್ನು ಊರೆಲ್ಲ ನೋಡಿತು.